ಎರಡು ಬೆರಳಿನ ಅಂತರ

ಹೋದ ತಿಂಗಳು ಹೊಸ ಸಮವಸ್ತ್ರದ ಖಾಕಿ ಬಟ್ಟೆ ಬಂತು. ಹೊಲಿಸಲು ಹುಮನಾಬಾದ್ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ದರ್ಜಿ ಅಂಗಡಿಗೆ ಹೋಗಿದ್ದೆ. ನಾನು ಬಸ್ ಕಂಡಕ್ಟರ್. ಹುಮನಾಬಾದ್, ಬಸವಕಲ್ಯಾಣದ ನಡುವೆ ದಿನಾ ಓಡಾಡುವವಳು. ದರ್ಜಿ ನನ್ನ ಅಳತೆ ತೆಗೆದುಕೊಂಡ, ಮೇಜಿನ ಮೇಲೆ ಬಟ್ಟೆ ಹಾಸಿದ, ಚಪ್ಪಟೆ ಸುಣ್ಣದ ಬಿಲ್ಲೆ ಹಿಡಿದು ತೋಳಿನ ಗೆರೆ ಎಳೆದ. ಆಮೇಲೆ ಬಗ್ಗಿ, ಗೆರೆಯ ಮೇಲಿನ ಪುಡಿಯನ್ನು ಮೆಲ್ಲಗೆ ಊದಿದ. ಆ ಪುಡಿಯ ವಾಸನೆ, ಪಕ್ಕದ ಇಸ್ತ್ರಿ ಪೆಟ್ಟಿಗೆಯ ಬಿಸಿ, ಮಷೀನಿನ ಎಣ್ಣೆ… ಎಲ್ಲ ಕೂಡಿ ಮೂಗಿಗೆ ಬಂತು. ಹತ್ತು ವರ್ಷದಿಂದ ನಾನು ಬಚ್ಚಿಟ್ಟುಕೊಂಡು ತಿರುಗುತ್ತಿದ್ದ ಒಂದು ಮುಂಜಾನೆ ಎದುರಿಗೆ ಬಂದು ನಿಂತಿತು.

"ಅಕ್ಕಾರ, ನಿಮ್ಮ ತೋಳ ಗಿಡ್ಡ ಅದಾವ್ರಿ. ಇಪ್ಪತ್ತ ಇಂಚ," ಅಂದ ದರ್ಜಿ.

ಅದು ನನಗೆ ಗೊತ್ತಿದ್ದದ್ದೇ. ಹದಿನೈದು ವರ್ಷದವಳಿದ್ದಾಗಲೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಸುಮ್ಮನೆ ಬರಬೇಕಿತ್ತು ನಾನು, ಬರಲಿಲ್ಲ. ಹೀಗೆ ಪುಡಿ ಊದುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿಬಿಟ್ಟೆ.

"ಕಲ್ಯಾಣದಾಗ್ರಿ, ನಮ್ಮ ಮಾಸ್ತರ ಹತ್ರ. ಯುಗಾದಿ ಮುಂದ ತೀರಿಕೊಂಡ್ರು ಪಾಪ. ಕಡೀಕಡೀಗಿ ಒಂದ ಕಣ್ಣ ಮ್ಯಾಲೇ ಹೊಲಿತಿದ್ರು. ಹುಡುಗೂರಿಗಿ ಬಾಕ್ಸಿಂಗ್ ಕಲಸೋ ಮುಂದ ತಾವೇ ಒಂದ ಹೆಜ್ಜಿ ಮುಂದ ಹೋಗಿ ಪೆಟ್ಟ ತಿಂದಿದ್ರಂತ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಎಡಗೈಯನ್ನು ಚೀಲದೊಳಗೆ ಹಾಕಿಕೊಂಡೆ. ಅವನಿಗೆ ಏನೂ ಗೊತ್ತಿರಲಿಲ್ಲ. ಮಾಸ್ತರು ಒಂದು ಹೆಜ್ಜೆಯೂ ಮುಂದೆ ಬಂದಿರಲಿಲ್ಲ ಎಂದು ಅವನಿಗೆ ಹೇಳಬಹುದಿತ್ತು. ಬಟ್ಟೆ ಯಾವಾಗ ಸಿಗುತ್ತದೆ ಎಂದು ಮಾತ್ರ ಕೇಳಿ ಹೊರಗೆ ಬಂದೆ.

ಆ ಮಾಸ್ತರರ ಅಂಗಡಿ ಬಸವಕಲ್ಯಾಣದಲ್ಲಿ ಬಸ್ಸು ಹೋಗುವ ರಸ್ತೆಯ ಮೇಲೇ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಪರಸಿ ಕಲ್ಲು ಹಾಸಿದ ಅಂಗಳ. ಹರೆಯದಲ್ಲಿ ಅವರು ಫೌಜಿನ ಕ್ಯಾಂಪೊಂದರಲ್ಲಿ ದರ್ಜಿಯಾಗಿದ್ದರಂತೆ. ಜವಾನರ ಅಂಗಿ ಹೊಲಿಯುತ್ತ ಹೊಲಿಯುತ್ತ ಅವರ ಬಾಕ್ಸಿಂಗೂ ಕಲಿತು ಬಂದಿದ್ದರು. ಅಂಗಡಿ ತೆರೆಯುವ ಮೊದಲು, ಬೆಳಗಿನ ಹೊತ್ತು, ಏಳೆಂಟು ಮಂದಿಗೆ ಅಂಗಳದಲ್ಲಿ ಕಲಿಸುತ್ತಿದ್ದರು. ನಮ್ಮ ಕೈಗವಸುಗಳನ್ನು ರೆಕ್ಸಿನ್‌ನಲ್ಲಿ ಅವರೇ ಹೊಲಿದು, ಒಳಗೆ ಅಂಗಡಿಯ ಚಿಂದಿ ಬಟ್ಟೆ ತುಂಬಿದ್ದರು. ನನ್ನ ಗವಸಿನ ಬಾಯಿ ಸ್ವಲ್ಪ ಬಿಚ್ಚಿಕೊಂಡು ಅದರೊಳಗಿಂದ ಯಾರದೋ ಮದುವೆಯ ಕೆಂಪು ಕುಪ್ಪಸದ ತುಂಡು ಹಣಕಿ ಹಾಕುತ್ತಿತ್ತು.

ನಾನು ಅಲ್ಲಿಗೆ ಸೇರಿದ ಕಥೆಯೇನೂ ದೊಡ್ಡದಲ್ಲ. ಶಾಲೆ ಬಿಟ್ಟು ಬರುವಾಗ ಒಬ್ಬ ಹುಡುಗ ದಿನಾ ನನ್ನ ಜಡೆ ಎಳೆಯುತ್ತಿದ್ದ. ಒಂದು ದಿನ ತಿರುಗಿ ಬೀಸಿ ಹೊಡೆದೆ. ಕೈ ಅವನಿಗೆ ತಾಗಲಿಲ್ಲ. ನಾನೇ ಬೋರಲಾಗಿ ಮಾಸ್ತರರ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದೆ. ಮಾಸ್ತರು ಮಷೀನ್ ತುಳಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಸಿಟ್ಟು ಬರೋಬ್ಬರಿ ಅದ. ನಿಂತ ಜಾಗಾ ದೂರ ಆತು," ಅಂದರು. ಆಮೇಲೆ, ಅಪ್ಪನನ್ನು ಕರೆದುಕೊಂಡು ಬಾ ಅಂದರು.

ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುವವರು. ಹಂಗಾಮಿನಲ್ಲಿ ಹಳ್ಳಿಖೇಡದ ಕಡೆ ಕಬ್ಬು ಕಡಿಯಲು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ನಾನು, ಅಜ್ಜಿ. ಹುಡುಗಿ ಒಬ್ಬಳೇ ಇರುತ್ತಾಳೆ, ಕಲಿತರೆ ಕಲಿಯಲಿ ಎಂದು ಅಪ್ಪ ಒಪ್ಪಿದ. ಆ ಹಂಗಾಮುಗಳಲ್ಲಿ ನಾನು ಎಷ್ಟೋ ದಿನ ಮಾಸ್ತರರ ಮನೆಯಲ್ಲೇ ರೊಟ್ಟಿ ತಿಂದಿದ್ದೇನೆ. ಅವರ ಹೆಂಡತಿಯನ್ನು ಕಾಕು ಎಂದು ಕರೆಯುತ್ತಿದ್ದೆ. ಕೇಳದೆಯೇ ಎರಡನೆಯ ರೊಟ್ಟಿ ಹಾಕುವವರು ಅವರು.

ಮೊದಲ ದಿನವೇ ಮಾಸ್ತರು ಕೊರಳಿನ ಟೇಪು ತೆಗೆದು ನನ್ನ ತೋಳು ಅಳೆದರು. ಎಲ್ಲರ ಪೈಕಿ ನನ್ನದೇ ಗಿಡ್ಡ. ಎತ್ತರದ ಹುಡುಗಿಯರು ನಕ್ಕರು. ಮಾಸ್ತರು ನಗಲಿಲ್ಲ. ನನ್ನ ಶಾಲೆಯ ಲಂಗದ ಅಂಚನ್ನು ಮಡಚಿ ತೋರಿಸಿದರು. ಅದನ್ನು ಹೊಲಿದವರೂ ಅವರೇ.

"ಇದರ ಒಳಗ ನಾಕ ಬೆರಳ ಬಟ್ಟಿ ಮಡಚಿ ಇಟ್ಟೇನಿ. ನೀ ಎತ್ತರ ಆದಂಗ ಬಿಚ್ಚತೇನಿ. ಮೈಯಾಗೂ ಹಂಗೇ ಮಡಚಿ ಇಟ್ಟದ್ದು ಅದ. ತೋಳ ಬೆಳಸಾಕ ನನ್ನ ಕೈಲಿ ಆಗಂಗಿಲ್ಲ, ಮಡಚಿದ್ದು ಬಿಚ್ಚಾಕ ಆಗ್ತದ."

ಬಿಚ್ಚುವುದಕ್ಕೆ ಎರಡು ವರ್ಷ ಹಿಡಿಯಿತು. ಹಿಂಗಾಲಿನ ಹಿಮ್ಮಡಿ ಎತ್ತಿ ನೆಲವನ್ನು ಒತ್ತಿದರೆ ಒಂದಿಷ್ಟು ಉದ್ದ ಸಿಗುತ್ತಿತ್ತು. ಟೊಂಕ ತಿರುಗಿದರೆ ಇನ್ನೊಂದಿಷ್ಟು. ಎಲ್ಲಕ್ಕಿಂತ ಹೆಚ್ಚು ಬಚ್ಚಿಟ್ಟುಕೊಂಡಿದ್ದದ್ದು ಹೆಗಲು. ಅದನ್ನು ಗದ್ದಕ್ಕೆ ತಾಗುವಂತೆ ಮುಂದೆ ಬಿಡಬೇಕು, ಕೊನೆಯ ಗಳಿಗೆಯಲ್ಲಿ ಮುಷ್ಟಿಯನ್ನು ತಿರುವಬೇಕು. ಮೈ ಮುಂದೆ ಬಾಗಿಸಿದರೆ ಮಾತ್ರ ಮಾಸ್ತರರಿಗೆ ಸಿಟ್ಟು ಬರುತ್ತಿತ್ತು. ಬಾಗಿ ಮುಟ್ಟುವುದು ಸಾಲ ತಂದು ಉಣ್ಣುವಂಥದ್ದು ಅನ್ನುತ್ತಿದ್ದರು. ಹಿಂದಕ್ಕೆ ಬರುವಷ್ಟರಲ್ಲಿ ಎದುರಿನವರು ವಸೂಲಿ ಮಾಡುತ್ತಾರೆ. ಆರು ತಿಂಗಳಿಗೊಮ್ಮೆ ಗೋಡೆಗೆ ಬಟ್ಟೆ ತೂಗುಹಾಕಿ ನಾನು ನಿಂತ ಜಾಗದಿಂದ ಮುಟ್ಟಿದ ಜಾಗದವರೆಗೆ ಟೇಪು ಹಿಡಿಯುತ್ತಿದ್ದರು. ಎರಡನೆಯ ವರ್ಷದ ಕೊನೆಗೆ ಹಿಡಿದಾಗ ತೋಳು ಅಷ್ಟೇ ಇತ್ತು, ಏಟು ಮಾತ್ರ ಆರು ಇಂಚು ಮುಂದೆ ಹೋಗಿತ್ತು. ಆ ದಿನ ಕಾಕು ಶೇಂಗಾ ಹೋಳಿಗೆ ಮಾಡಿದ್ದರು.

ಮುಟ್ಟುವುದು ಕಲಿತ ಮೇಲೆ ನಿಲ್ಲಿಸುವುದನ್ನು ಕಲಿಸಿದರು. ಅದು ಇನ್ನೂ ಕಷ್ಟ. ಹಗ್ಗಕ್ಕೆ ಕರಿ ಬಟ್ಟೆ ತೂಗುಹಾಕಿ, ನಮ್ಮ ಬೆರಳ ಗೆಣ್ಣಿಗೆ ಸುಣ್ಣದ ಪುಡಿ ಹಚ್ಚುತ್ತಿದ್ದರು. ಬಟ್ಟೆಯ ಮೇಲೆ ಬಿಳಿ ಚುಕ್ಕೆ ಬೀಳಬೇಕು, ಬಟ್ಟೆ ಅಲುಗಾಡಬಾರದು. ತಿಂಗಳುಗಟ್ಟಲೆ ಅಷ್ಟೇ. ಕಡೆಯ ಪರೀಕ್ಷೆಗೆ ಮಾಸ್ತರು ತಾವೇ ಒಂದು ಹಳೆಯ ಕರಿ ಅಂಗಿ ಹಾಕಿಕೊಂಡು, ಕೈ ಹಿಂದೆ ಕಟ್ಟಿ ಎದುರು ನಿಲ್ಲುತ್ತಿದ್ದರು. ಎದೆಗೆ ಬಂದ ಏಟು ಅಂಗಿಗೆ ಚುಕ್ಕೆ ಇಟ್ಟು ಹೋಗಬೇಕು. ಮುಖಕ್ಕೆ ಬಂದ ಏಟು ಎರಡು ಬೆರಳು ಈಚೆಗೆ ನಿಲ್ಲಬೇಕು. ಅವರವರ ಏಟಿನ ಉದ್ದ ನೋಡಿ ಮಾಸ್ತರು ಪರಸಿ ಕಲ್ಲಿನ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ಮುಂಗಾಲು ಆ ಗೆರೆ ದಾಟದಿದ್ದರೆ ಎಷ್ಟೇ ಜೋರಾಗಿ ಹೊಡೆದರೂ ಮುಷ್ಟಿ ಅವರ ಮೂಗಿನ ಈಚೆಗೇ ಉಳಿಯುತ್ತಿತ್ತು. ನಾವು ಹೊಡೆಯುವಾಗ ಅವರು ಕಣ್ಣು ಮಿಟುಕಿಸುತ್ತಿರಲಿಲ್ಲ. ನಮ್ಮ ಕಾಲಿನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಅಂಗಳದಲ್ಲಿ ಒಂದು ಕಟ್ಟಳೆ ಇತ್ತು. ದೂರ ತಪ್ಪಿದವರು, ಯಾರೇ ಆಗಲಿ, "ಅಳತಿ ನಂದು ತಪ್ಪಿತ್ರಿ" ಎಂದು ಎಲ್ಲರೆದುರು ಹೇಳಿ, ಕುಕ್ಕರಗಾಲಲ್ಲಿ ಕೂತು, ಗೆರೆಯನ್ನು ಅಳಿಸಿ ತಮ್ಮ ಕೈಯಾರೆ ಮತ್ತೆ ಎಳೆಯಬೇಕು. ಬೈಗುಳ ಇಲ್ಲ, ಶಿಕ್ಷೆ ಇಲ್ಲ. ಹೇಳಿ, ಎಳೆದು, ಎದ್ದರೆ ಮುಗಿಯಿತು. ನಾನು ಅದನ್ನು ನೂರು ಸಲವಾದರೂ ಹೇಳಿದ್ದೇನೆ. ಹೇಳಲೇಬೇಕಾಗಿದ್ದ ಒಂದು ಸಲ ಹೇಳಲಿಲ್ಲ.

ಹದಿನೆಂಟು ತುಂಬಿದ ವರ್ಷ ಹುಮನಾಬಾದಿನಲ್ಲಿ ಒಂದು ಹೊಸ ಜಿಮ್ ಆಯಿತು. ಒಳಗೆ ನಿಜವಾದ ರಿಂಗು, ಗೋಡೆ ತುಂಬ ಕನ್ನಡಿ, ಹೊಳೆಯುವ ಗವಸು. ಅಲ್ಲಿಯ ಕೋಚು ಹರೆಯದವನು, ಓದಿದವನು. ಕಾಲೇಜಿನ ಗೆಳತಿಯ ಜೊತೆ ಒಂದು ಭಾನುವಾರ ನೋಡಲು ಹೋದೆ. ಎಲ್ಲಿ ಕಲಿತೆ ಎಂದು ಆ ಕೋಚು ಕೇಳಿದ. ಕಲ್ಯಾಣದಲ್ಲಿ ಒಬ್ಬ ದರ್ಜಿಯ ಹತ್ತಿರ ಅನ್ನಲು ನನಗೆ ನಾಲಿಗೆ ಬರಲಿಲ್ಲ. ಚಿಂದಿ ತುಂಬಿದ ಗವಸು ಕಣ್ಣೆದುರು ಬಂತು.

"ಮನ್ಯಾಗೇ ಸರ್. ಮೊಬೈಲ್ ನೋಡಿ ಕಲ್ತೇನಿ," ಅಂದೆ.

ಅವನು ಭೇಷ್ ಅಂದ. ನನಗೆ ಖುಷಿಯಾಯಿತು. ಈಗ ಬರೆಯುವಾಗ ಮೈ ಮುದುಡಿಕೊಳ್ಳುತ್ತದೆ, ಆದರೆ ಆ ಹೊತ್ತು ಖುಷಿಯಾದದ್ದು ನಿಜ. ಆಮೇಲೆ ಪ್ರತಿ ಭಾನುವಾರ, ಮಾಸ್ತರರಿಗೆ ಹೇಳದೆ, ಬಸ್ಸು ಹತ್ತಿ ಹುಮನಾಬಾದಿಗೆ ಹೋಗತೊಡಗಿದೆ. ಅಂಗಳಕ್ಕೆ ಬಾರದ್ದಕ್ಕೆ ಅಜ್ಜಿಗೆ ಆರಾಮಿಲ್ಲ ಅನ್ನುತ್ತಿದ್ದೆ. ಕಾಕು ಅಜ್ಜಿಗೆಂದು ಗಂಜಿ ಕಳಿಸಿದರು. ಆ ಗಂಜಿಯನ್ನು ಕುಡಿದವಳೂ ನಾನೇ. ಉಂಡ ಮನೆಯ ಗಳ ಎಣಿಸುವುದು ಅಂದರೆ ಇದಕ್ಕಿಂತ ಬೇರೆ ಇನ್ನೇನು?

ಕೋಚು ಕಲಿಸಿದ್ದರಲ್ಲಿ ತಪ್ಪಿರಲಿಲ್ಲ. ಗಿಡ್ಡ ಕೈಯವರು ಮುಂಗಾಲನ್ನು ಮಿಂಚಿನಂತೆ ಒಂದು ಗೇಣು ಮುಂದೆ ಹಾಕಿ, ಕಾಲು ಊರುವುದರ ಜೊತೆಗೇ ಏಟು ಬಿಡಬೇಕು ಎಂದು ತೋರಿಸಿದ. ರಿಂಗಿನಲ್ಲಿ ಅದು ಬೇಕಾದದ್ದೇ. ನನಗೆ ಅದು ಬೇಗ ಬಂತು, ಬಂದದ್ದೇ ತಲೆಗೆ ಏರಿತು. ಮಾಸ್ತರು ಎರಡು ವರ್ಷದಲ್ಲಿ ಕೊಟ್ಟ ಆರು ಇಂಚನ್ನು ಇವನು ಎರಡು ಭಾನುವಾರದಲ್ಲಿ ಕೊಟ್ಟ ಎಂದುಕೊಂಡೆ. ಆ ಗೇಣು ಹೆಜ್ಜೆ ಕೂಡುತ್ತಿದ್ದದ್ದು ಹಳೆಯ ಆರು ಇಂಚಿನ ಮೇಲೆಯೇ ಎಂಬುದು ಹೊಳೆಯುವ ಬುದ್ಧಿ ಆಗ ಇರಲಿಲ್ಲ.

ಆ ಸೋಮವಾರ ಮುಂಜಾನೆ ಮಾಸ್ತರು ಕರಿ ಅಂಗಿ ಹಾಕಿಕೊಂಡಿದ್ದರು. ನಾಲ್ಕು ಮಂದಿ ಹುಡುಗಿಯರು ಗೋಡೆಗೆ ಆತು ನಿಂತಿದ್ದರು. ನನ್ನ ಸರದಿ ಬಂತು. ಎದೆಗೆ ಮೂರು ಏಟು ಬಿಟ್ಟೆ, ಮೂರೂ ಚುಕ್ಕೆ ಸರಿಯಾಗಿ ಬಿದ್ದವು. ಮಾಸ್ತರು ತಲೆಯಾಡಿಸಿ, ಇನ್ನು ಮುಖಕ್ಕೆ ಅಂದರು. ಆಗ ನನಗೆ ಏನನ್ನಿಸಿತೆಂದರೆ… ಈ ಮನುಷ್ಯನಿಗೂ ಒಂದು ಸಲ ತೋರಿಸಬೇಕು. ನೀವು ಎಳೆದ ಗೆರೆಯ ಆಚೆಗೂ ವಿದ್ಯೆ ಇದೆ ಎಂದು ತೋರಿಸಬೇಕು. ಹೆಜ್ಜೆ ಮುಂದೆ ಹಾಕಿ, ಮುಷ್ಟಿಯನ್ನು ಎರಡು ಬೆರಳು ಈಚೆಗೆ ನಿಲ್ಲಿಸಿಬಿಟ್ಟರೆ ಬೆರಗಾಗುತ್ತಾರೆ ಎಂದುಕೊಂಡೆ.

ಎಡಗಾಲು ಗೆರೆ ದಾಟಿತು. ಎಡಗೈಯ ಮುಷ್ಟಿ ನಿಲ್ಲಲಿಲ್ಲ. ನೇರ ಬಲಗಣ್ಣಿಗೆ ಹೋಯಿತು.

ಮಾಸ್ತರು ಕೂಗಲಿಲ್ಲ. ಎರಡೂ ಕೈ ಮುಖಕ್ಕೆ ಇಟ್ಟುಕೊಂಡು ಮೆಲ್ಲಗೆ ನೆಲಕ್ಕೆ ಕೂತರು. ಹುಡುಗಿಯರು ಅವರನ್ನು ನೋಡುತ್ತಿದ್ದ ಆ ಒಂದು ಗಳಿಗೆಯಲ್ಲಿ ನಾನು ಮಾಡಿದ ಕೆಲಸವನ್ನು ಇಲ್ಲಿ ಬರೆಯಲೇಬೇಕು. ನಾನು ಅವರ ಹತ್ತಿರ ಓಡಲಿಲ್ಲ. ಮೊದಲು ನನ್ನ ಕಾಲನ್ನು ಗೆರೆಯ ಹಿಂದಕ್ಕೆ ಎಳೆದುಕೊಂಡೆ. ಎಳೆದ ರಭಸಕ್ಕೆ ಸುಣ್ಣದ ಗೆರೆ ಒಂದು ಕಡೆ ಅಳಿಸಿ ಹೋಯಿತು.

"ಏನಾತು? ಯಾರು ತಪ್ಪಿದ್ರು?" ಎಂದು ಒಬ್ಬಳು ಕೇಳಿದಳು. ಎಲ್ಲರೂ ನನ್ನ ಕಾಲು ನೋಡಿದರು. ಕಾಲು ಗೆರೆಯ ಹಿಂದೆಯೇ ಇತ್ತು. ನಾನು ಬಾಯಿ ಬಿಡಲಿಲ್ಲ.

ಮಾಸ್ತರು ಕೈ ತೆಗೆದರು. ಬಲಗಣ್ಣಿನ ಸುತ್ತ ಬಿಳಿ ಪುಡಿ ಮೆತ್ತಿಕೊಂಡಿತ್ತು, ನೀರು ಸುರಿಯುತ್ತಿತ್ತು. ಇನ್ನೊಂದು ಕಣ್ಣಿನಿಂದ ಮೊದಲು ಅಳಿಸಿದ ಗೆರೆಯನ್ನು ನೋಡಿದರು, ಆಮೇಲೆ ನನ್ನ ಮುಖವನ್ನು. ನಾನು ಹೇಳಲಿ ಎಂದು ಕಾಯುತ್ತಿದ್ದರು ಅಂತ ಈಗ ಅನ್ನಿಸುತ್ತದೆ. ಎಷ್ಟು ಹೊತ್ತು ಕಾದರೋ… ನಾನು ನೆಲ ನೋಡುತ್ತ ನಿಂತೆ.

"ಅಳತಿ ನಂದು ತಪ್ಪಿತವ್ವಾ. ನಾನೇ ಮುಂದ ಬಂದೆ," ಅಂದರು.

ಕಟ್ಟಳೆಯಂತೆ, ಕೂತಲ್ಲಿಂದಲೇ ಮುಂದೆ ಸರಿದು, ಕಿಸೆಯಿಂದ ಬಿಲ್ಲೆ ತೆಗೆದು ಗೆರೆ ಎಳೆದರು. ಗೆರೆ ಸೊಟ್ಟಗೆ ಬಂತು. ಅವರು ಎಳೆದ ಗೆರೆ ಸೊಟ್ಟಗಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಪುಡಿಯನ್ನು ಊದಿದರು.

ಕಲಬುರಗಿಯ ಕಣ್ಣಿನ ದವಾಖಾನೆಯಲ್ಲಿ ಕಣ್ಣಿನ ಒಳಗಿನ ಪರದೆ ಹರಿದಿದೆ ಅಂದರಂತೆ. ಎರಡು ಸಲ ಆಪರೇಷನ್ ಆದರೂ ದೃಷ್ಟಿ ಬರಲಿಲ್ಲ. ಮಾಸ್ತರಿಗೆ ವಯಸ್ಸಾಯಿತು, ಅಂದಾಜು ಸಿಗುವುದಿಲ್ಲ, ತಾವೇ ಏಟಿಗೆ ಮುಖ ಕೊಟ್ಟರು ಎಂದು ಊರಲ್ಲಿ ಮಾತಾಯಿತು. ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರು, ಅಂಗಳ ಖಾಲಿಯಾಯಿತು. ಒಂದೇ ಕಣ್ಣಿಗೆ ದೂರ ತಿಳಿಯುವುದಿಲ್ಲವಂತೆ. ಎರಡು ಬೆರಳಿನ ಅಂತರ ಕಲಿಸಿದ ಮನುಷ್ಯ ಚಹಾದ ಕಪ್ಪನ್ನು ಮೇಜಿನ ಅಂಚಿನ ಆಚೆ ಇಟ್ಟು ಬೀಳಿಸುತ್ತಿದ್ದರು, ಸೂಜಿಗೆ ದಾರ ಪೋಣಿಸಲು ಕಾಕುವನ್ನು ಕರೆಯುತ್ತಿದ್ದರು ಎಂದು ಯಾರೋ ಹೇಳಿದರು. ನಾನು ನೋಡಲು ಹೋಗಲಿಲ್ಲ. ಮೊದಲು ಹೆದರಿಕೆಯಿಂದ ಹೋಗಲಿಲ್ಲ. ಆಮೇಲೆ ಇಷ್ಟು ದಿನ ಹೋಗಿಲ್ಲವಲ್ಲ ಎಂಬ ನಾಚಿಕೆಯಿಂದ ಹೋಗಲಿಲ್ಲ.

ಮರುವರ್ಷ ಹುಮನಾಬಾದಿನ ಜಿಮ್ಮಿನ ಪರವಾಗಿ ಆಡಿ ಒಂದು ಪದಕ ಗೆದ್ದೆ. ಫಾರ್ಮಿನಲ್ಲಿ ಕಲಿಸಿದವರ ಹೆಸರು ಕೇಳಿದ್ದ ಜಾಗದಲ್ಲಿ ಆ ಕೋಚಿನ ಹೆಸರು ಬರೆದೆ. ಆ ಸರ್ಟಿಫಿಕೇಟು ಮುಂದೆ ನೌಕರಿಗೂ ಕೆಲಸಕ್ಕೆ ಬಂತು. ಹೀಗೆ ಮಾಸ್ತರು ಬಿಚ್ಚಿಕೊಟ್ಟ ಆರು ಇಂಚಿನ ಮೇಲೆ ನಿಂತು ನಾನು ಖಾಕಿ ಹಾಕಿಕೊಂಡೆ. ಸಿಕ್ಕ ರೂಟಾದರೂ ಯಾವುದು? ಹೆದ್ದಾರಿ ಬಿಟ್ಟು ಬಂಗ್ಲಾ ಕ್ರಾಸಿನ ಹತ್ತಿರ ಬಸವಕಲ್ಯಾಣದ ಕಡೆ ತಿರುಗುವ ಇದೇ ರೂಟು. ಮಾಸ್ತರರ ಅಂಗಡಿ ಎಡಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಸರಿಯಾಗಿ ನನಗೆ ಬಲಗಡೆಯ ಸೀಟಿನವರ ಟಿಕೆಟು ನೋಡುವ ಕೆಲಸ ನೆನಪಾಗುತ್ತಿತ್ತು. ನಾಲ್ಕು ವರ್ಷ, ದಿನಾ ಹೀಗೆ.

ದರ್ಜಿಯ ಮಾತು ಕೇಳಿದ ಮೇಲೆ ವಾರದ ರಜೆಯ ದಿನ ಅದೇ ಬಸ್ಸಿನಲ್ಲಿ ಪ್ರಯಾಣಿಕಳಾಗಿ ಕೂತು ಹೋದೆ. ಅಂಗಡಿಯ ಶಟರ್ ಎಳೆದಿತ್ತು. ಹಿಂದಿನ ಬಾಗಿಲು ಬಡಿದೆ. ಕಾಕು ತೆರೆದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿಯಲು ಅವರಿಗೆ ಹೊತ್ತು ಬೇಕಾಗಲಿಲ್ಲ.

"ಬಾರವ್ವಾ. ಇವತ್ತ ಡ್ಯೂಟಿ ಇಲ್ಲೇನು?" ಅಂದರು.

"ನಾ ಕಂಡಕ್ಟರ್ ಆಗಿದ್ದು ನಿಮಗ ಹ್ಯಾಂಗ ಗೊತ್ತಾತ್ರಿ ಕಾಕು?"

"ಅವರೇ ಹೇಳ್ತಿದ್ರು. ಹುಮನಾಬಾದ್ ಬಸ್ಸ ಬರೋ ಹೊತ್ತಿಗಿ ಕುರ್ಚಿ ಬಾಗಲಾಗ ಹಾಕ್ಕೊಂಡು ಕೂಡ್ತಿದ್ರು. ಇವತ್ತೂ ಆಚೀ ಕಡೀನೇ ನೋಡಕೋತ ಹೋದಳು, ಅಂತಿದ್ರು."

ಅಂಗಳದಲ್ಲಿ ಹಗ್ಗ ಇನ್ನೂ ಇತ್ತು, ಅದರ ಮೇಲೆ ಒಗೆದ ಬಟ್ಟೆಗಳು ಒಣಗುತ್ತಿದ್ದವು. ನಾನು ಬರುವಾಗ ಬಸ್ಸಿನಲ್ಲಿ ಎಷ್ಟೋ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಹಳೆಯ ಮಾತೇ.

"ಕಾಕು, ಅವತ್ತ ಮಾಸ್ತರ ಅಲುಗಾಡಿರಲಿಲ್ರಿ. ನನ್ನ ಕಾಲು ಗೆರಿ ದಾಟಿತ್ತು. ಅಳತಿ ನಂದು ತಪ್ಪಿತ್ರಿ."

ಕಾಕು ಹಗ್ಗದ ಮೇಲೆ ಒಣಗಿದ್ದ ಒಂದು ಟವೆಲ್ ತೆಗೆದು ಮಡಚಿದರು.

"ಗೊತ್ತದ. ಚಾ ತರಾಕತ್ತಿದ್ದೆ ನಾ. ನೀ ಕಾಲು ಹಿಂದ ತಗೊಂಡದ್ದು ಬಾಗಲಾಗಿಂದ ನೋಡಿದ್ದೆ. ಊರ ಮಂದಿಗಿ ಹೇಳಿಬಿಡ್ತೇನಿ ಅಂದ್ರ, ಅವರೇ ಬ್ಯಾಡ, ಆಕಿನೇ ಬಂದು ಹೇಳ್ತಾಳ ಅಂದ್ರು." ಅವರು ಟವೆಲನ್ನು ಇನ್ನೊಮ್ಮೆ ಮಡಚಿದರು. "ಇಷ್ಟ ಮಾತ ಹೇಳಾಕ ಹತ್ತ ವರ್ಷ ಹಿಡೀತೇನವ್ವಾ ನಿನಗ?"

ಕಾಕು ಒಳಗೆ ಹೋಗಿ ಮಷೀನಿನ ಡ್ರಾವರಿನಿಂದ ಸವೆದ ಸುಣ್ಣದ ಬಿಲ್ಲೆಯೊಂದನ್ನು ತಂದು ನನ್ನ ಕೈಯಲ್ಲಿ ಇಟ್ಟರು. ನಾನು ಕುಕ್ಕರಗಾಲಲ್ಲಿ ಕೂತು ಪರಸಿ ಕಲ್ಲಿನ ಮೇಲೆ ಗೆರೆ ಎಳೆದೆ, ಪುಡಿ ಊದಿದೆ, ಎದ್ದೆ. ಆಗೆಲ್ಲ ಹೀಗೆ ಎದ್ದು ನಿಂತರೆ ಮುಗಿದುಹೋಗುತ್ತಿತ್ತು. ಅವತ್ತು ಏನೂ ಮುಗಿಯಲಿಲ್ಲ. ಗೆರೆಯ ಆಚೆ, ಮಾಸ್ತರು ನಿಲ್ಲುತ್ತಿದ್ದ ಜಾಗದಲ್ಲಿ, ಹಸಿ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಕು ಒಂದು ರೊಟ್ಟಿ ಹಾಕಿದರು. ತಿಂದೆ. ಎರಡನೆಯದನ್ನು ಬೇಕೇನು ಎಂದು ಕೇಳಿದರು. ಮೊದಲೆಲ್ಲ ಕೇಳುತ್ತಿರಲಿಲ್ಲ.

ಈಗ ಹೊಸ ಖಾಕಿ ಹಾಕಿಕೊಂಡು ಅದೇ ಬಸ್ಸಿನಲ್ಲಿ ಹೋಗುತ್ತೇನೆ. ಆ ಅಂಗಡಿ ಬಂದಾಗ ಎಡಕ್ಕೆ ತಿರುಗಿ ಕಣ್ಣು ತುಂಬ ನೋಡುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ. ಬಾಗಿಲಲ್ಲಿ ಕುರ್ಚಿ ಇಲ್ಲ. ಅಲ್ಲಿಂದ ನನ್ನನ್ನು ನೋಡುವವರು ಇಲ್ಲದ ಮೇಲೆ ಆ ಕಡೆ ನೋಡುವುದು ಏನೂ ಕಷ್ಟವಲ್ಲ.